ನಿಮ್ಮಿಷ್ಟಪ್ಪನ ಮೀನುಹಲಗೆಗೆ ರೆಕ್ಕೆ ಎಷ್ಟು?

ನಿಮ್ಮಿಷ್ಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವರು ಇಟ್ಟದ್ದು ಬೇರೆ. ಕಚೇರಿಯ ಹಾಜರಿಯಲ್ಲಿ ಬಿಟ್ಟರೆ ಅದು ಎಲ್ಲೂ ಬಳಕೆಯಲ್ಲಿಲ್ಲ. ಏನು ಕೇಳಿದರೂ "ನಿಮ್ಮಿಷ್ಟ" ಎನ್ನುವ ಮನುಷ್ಯನಿಗೆ ಊರು ಇನ್ಯಾವ ಹೆಸರು ತಾನೇ ಇಟ್ಟೀತು? ಕಾಫಿಯೋ ಟೀಯೋ ಎಂದರೆ ನಿಮ್ಮಿಷ್ಟ. ಕಿಟಕಿ ಹಾಕಲೋ ತೆಗೆಯಲೋ ಎಂದರೆ ನಿಮ್ಮಿಷ್ಟ. ಒಮ್ಮೆ ಕ್ಷೌರದಂಗಡಿಯವನು ಮೀಸೆ ಇರಲೋ ಹೋಗಲೋ ಎಂದು ಕೇಳಿ, ಅದೇ ಉತ್ತರ ಪಡೆದು, ತನಗೂ ತೀರ್ಮಾನವಾಗದೆ ಅರ್ಧ ಮಾತ್ರ ತೆಗೆದು ಕಳಿಸಿದ್ದ. ಆ ಅರ್ಧ ಮೀಸೆಯಲ್ಲೇ ನಿಮ್ಮಿಷ್ಟಪ್ಪ ಕಚೇರಿಗೆ ಹೋಗಿ ಬಂದ. ಯಾರೂ ಗಮನಿಸಲಿಲ್ಲ. ಅವನ ದುಃಖವೇ ಅದು.

ಅವನ ಕುರ್ಚಿ ಇದ್ದದ್ದು ನೀರು ಸರಬರಾಜು ಕಚೇರಿಯಲ್ಲಿ, ದೂರು ಕೇಳುವ ಕಿಟಕಿಯ ಹಿಂದೆ. ಮನೆ ಇದ್ದದ್ದು ಸಮುದ್ರಕ್ಕೆ ಹೋಗುವ ಇಳಿಜಾರು ಬೀದಿಯಲ್ಲಿ. ಮನೆಗೆ ಬಳಿದದ್ದು ಬದನೆಕಾಯಿ ಬಣ್ಣ. ಆ ಬಣ್ಣವನ್ನು ಆರಿಸಿದವನು ಅವನ ಷಡ್ಡಕ, ಎಂದರೆ ಹೆಂಡತಿಯ ಅಕ್ಕನ ಗಂಡ. ನೆಲದ ಟೈಲ್ಸ್ ವ್ಯಾಪಾರ ಮಾಡುತ್ತಿದ್ದ ಆ ಮಹಾಶಯ ಮಾವನ ಮನೆಯಲ್ಲಿ ದೊಡ್ಡಳಿಯನೆಂದೇ ಪ್ರಸಿದ್ಧ. ಯಾರ ಮನೆಯ ಬಾಗಿಲು ಎತ್ತ ತೆರೆಯಬೇಕು, ಯಾರ ಹಲ್ಲು ಯಾವ ಡಾಕ್ಟರು ಕೀಳಬೇಕು ಎಂಬುದನ್ನೆಲ್ಲ ಅವನೇ ಹೇಳುತ್ತಿದ್ದ. ಬಣ್ಣದವನು ಬಂದು ನಿಂತ ದಿನವೂ ಅವನೇ ಹೇಳಿದ. ನಿಮ್ಮಿಷ್ಟಪ್ಪ "ನಿಮ್ಮಿಷ್ಟ ಭಾವ" ಎಂದ. ಅಂದಿನಿಂದ ಬೀದಿಯಲ್ಲಿ ಯಾರಿಗಾದರೂ ದಾರಿ ಹೇಳುವುದಿದ್ದರೆ "ಆ ಬದನೆಕಾಯಿ ಮನೆ ದಾಟಿ" ಎಂದೇ ಹೇಳುತ್ತಾರೆ.

"ನನ್ನನ್ನ ಈ ಜಗತ್ತಲ್ಲಿ ಯಾರು ಏನು ಕೇಳ್ತಾರೆ ಹೇಳು?" ಎಂದು ಅವನು ಆಗಾಗ ಹೆಂಡತಿಯ ಮುಂದೆ ನೊಂದುಕೊಳ್ಳುತ್ತಿದ್ದ. ಕೇಳಿದಾಗಲೆಲ್ಲ ಅವನು ಏನು ಹೇಳಿದ್ದ ಎಂಬುದನ್ನು ಅವಳು ನೆನಪಿಸುತ್ತಿರಲಿಲ್ಲ. ಒಳ್ಳೆಯ ಹೆಂಗಸು.

ಎಲ್ಲ ಶುರುವಾದದ್ದು ಮಾವನ ಮನೆಯ ಊಟದಲ್ಲಿ. ದೊಡ್ಡಳಿಯ ಯಾವುದೋ ಬೆಟ್ಟ ಹತ್ತಿ ಬಂದಿದ್ದ. ಹತ್ತಲು ಹಿಡಿದ ಹೊತ್ತಿಗಿಂತ ಹೆಚ್ಚು ಹೊತ್ತು ಅದನ್ನು ವರ್ಣಿಸಿದ. ಅತ್ತೆ ಬಾಯಿ ಬಿಟ್ಟುಕೊಂಡು ಕೇಳಿದರು. ಆಮೇಲೆ ಇವನ ಕಡೆ ತಿರುಗಿ, ಮರುಕದಿಂದಲೇ, "ಚಿಕ್ಕಳಿಯಂದಿರಿಗೆ ಅಂಥದ್ದೆಲ್ಲ ಆಗಿಬರಲ್ಲ, ಪಾಪ" ಎಂದರು.

ಆ 'ಪಾಪ' ಎಂಬ ಮಾತು ನಿಮ್ಮಿಷ್ಟಪ್ಪನಿಗೆ ಎಲ್ಲಿ ಚುಚ್ಚಿತೋ ಏನೋ. ಹಿಂದಿನ ದಿನ ಅವನ ಸೈಕಲ್ ಪಂಕ್ಚರ್ ಆಗಿತ್ತು. ಪಂಕ್ಚರ್ ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ಒಬ್ಬ ಮೇಸ್ತ್ರಿ ಅಲೆಯ ಮೇಲೆ ಜಾರುವ ಹಲಗೆಗಳನ್ನು ಮಾಡುತ್ತಿದ್ದುದನ್ನು ಅವನು ಕೂತು ನೋಡಿದ್ದ. ಅದೇ ಈಗ ಬಾಯಿಗೆ ಬಂತು.

"ನಾನು ಅಲೆ ಮೇಲೆ ಹೋಗೋ ಹಲಗೆ ಮಾಡಿಸ್ತಿದೀನಿ" ಎಂದ.

ಬಡಿಸುತ್ತಿದ್ದ ಹೆಂಡತಿಯ ಸೌಟು ಗಾಳಿಯಲ್ಲೇ ನಿಂತಿತು.

"ನೀನು? ಅದರ ಮೇಲೆ ನಿಂತ್ಕೊಂಡು ಹೋಗ್ತೀಯಾ?" ಎಂದ ದೊಡ್ಡಳಿಯ.

ನಿಮ್ಮಿಷ್ಟಪ್ಪನಿಗೆ ತನ್ನ ಸೊಂಟದ ನೆನಪಾಯಿತು. ಶೆಡ್ಡಿನಲ್ಲಿ ಮೋಟಾದ, ಅಗಲದ ಹಲಗೆಯೊಂದನ್ನು ತೋರಿಸಿ ಇದು ಮಂಡಿಯೂರಿ ಹೋಗುವವರದ್ದು ಎಂದು ಮೇಸ್ತ್ರಿ ಯಾರಿಗೋ ಹೇಳಿದ್ದೂ ನೆನಪಾಯಿತು. "ಇಲ್ಲ ಭಾವ. ಮಂಡಿಯೂರಿ" ಎಂದ.

"ಹಾಗಾದ್ರೆ ಸರಿ ಬಿಡಪ್ಪ. ಮಂಡಿಯೂರೋದು ನಿನಗೇನು ಹೊಸದಲ್ಲ!"

ಎಲ್ಲರೂ ನಕ್ಕರು. ಅತ್ತೆಗೆ ನಕ್ಕು ನಕ್ಕು ನೆತ್ತಿಗೆ ಹತ್ತಿತು. ಆ ನಗು ನಿಲ್ಲುವ ಮೊದಲೇ ನಿಮ್ಮಿಷ್ಟಪ್ಪ ಹಲಗೆ ಮಾಡಿಸಲೇಬೇಕಾದ ಸ್ಥಿತಿಗೆ ಬಂದಿದ್ದ.

ಮರುದಿನ ಸಂಜೆ ಶೆಡ್ಡಿಗೆ ಹೋದ. ಒಳಗೆಲ್ಲ ಬಿಳಿ ಫೋಮಿನ ಪುಡಿ, ಆ ಹಲಗೆಗಳನ್ನು ಮಾಡುವುದು ಅದರಿಂದಲೇ. ಮೇಸ್ತ್ರಿಯ ಹುಬ್ಬು, ಕಿವಿ, ಟೀ ಲೋಟ ಎಲ್ಲ ಬೆಳ್ಳಗಾಗಿದ್ದವು. ಈ ಮೇಸ್ತ್ರಿಯ ಬಗ್ಗೆ ಒಂದು ಮಾತು ಹೇಳಬೇಕು. ಕೆಲಸ ಬಲ್ಲವನೇ, ಆದರೆ ಮಹಾ ಪುಕ್ಕಲ. ಹಿಂದೊಮ್ಮೆ ಯಾರಿಗೋ ತನಗೆ ತೋಚಿದಂತೆ ಹಲಗೆ ಮಾಡಿಕೊಟ್ಟಿದ್ದ. ಆ ಗಿರಾಕಿ ಅಲೆಯಿಂದ ಬಿದ್ದು, ಎದ್ದು ಬಂದವನೇ ಶೆಡ್ಡಿನ ಮುಂದೆ ಜನ ಸೇರಿಸಿ ಕೂಗಾಡಿದ್ದ. ಅಂದಿನಿಂದ ಗಿರಾಕಿ ಬಾಯಿಬಿಟ್ಟು ಹೇಳದ ಹೊರತು ಈತ ಒಂದು ಗೀಟನ್ನೂ ಎಳೆಯುತ್ತಿರಲಿಲ್ಲ. ಗಿರಾಕಿ ಹೇಳಿದ್ದಕ್ಕೆ ಎದುರಾಡುತ್ತಲೂ ಇರಲಿಲ್ಲ.

ಹೀಗೆ ಲೋಕದಲ್ಲಿ ಎಂದೂ ಭೇಟಿಯಾಗಬಾರದಿದ್ದ ಇಬ್ಬರು ಭೇಟಿಯಾದರು.

"ಉದ್ದ ಎಷ್ಟಿರ್ಲಿ ಸಾರ್?"

"ನಿಮ್ಮಿಷ್ಟ."

"ಅಯ್ಯಯ್ಯೋ, ನಿಮ್ಮಿಷ್ಟ ಸಾರ್! ನಂದೇನಿದೆ?"

"ಮಾಡೋರು ನೀವು. ನಿಮಗೆ ಹೇಗೆ ಕಾಣುತ್ತೋ ಹಾಗೆ."

"ಮಾಡೋನು ನಾನೇ. ಬೀಳೋರು ನೀವಲ್ವಾ ಸಾರ್?"

ಕೊನೆಗೆ ನಿಮ್ಮಿಷ್ಟಪ್ಪ ಬೆವರೊರೆಸಿಕೊಳ್ಳಲು ಕೈ ಎತ್ತಿದ. ಆ ಕೈ ಮೂಲೆಯಲ್ಲಿ ಒರಗಿಸಿದ್ದ ಒಂದು ಹಲಗೆಯ ಕಡೆ ಚಾಚಿದಂತಾಯಿತು. ಮೇಸ್ತ್ರಿ ತಟ್ಟನೆ, "ಓಹೋ, ಮೀನಿನ ಆಕಾರದ್ದು! ಒಳ್ಳೆ ಆಯ್ಕೆ ಸಾರ್" ಎಂದ. ಉದ್ದ, ಅಗಲ, ದಪ್ಪ ಎಲ್ಲ ಹಾಗೆಯೇ ಇತ್ಯರ್ಥವಾಯಿತು. ಉಳಿದದ್ದು ಒಂದೇ ಪ್ರಶ್ನೆ.

"ಹಲಗೆ ತಳಕ್ಕೆ ಮೀನಿನ ರೆಕ್ಕೆ ಥರ ಹಚ್ತೀವಲ್ಲ, ಆ ರೆಕ್ಕೆ ಎಷ್ಟು ಹಾಕ್ಲಿ ಸಾರ್? ಎರಡು ಹಾಕಿದ್ರೆ ನೆಟ್ಟಗೆ ಓಡುತ್ತೆ. ಮೂರು ಹಾಕಿದ್ರೆ ಹೇಳ್ದಂಗೆ ತಿರುಗುತ್ತೆ. ನಾಲ್ಕು ಹಾಕಿದ್ರೆ ಅಲೆಗೆ ಕಚ್ಕೊಂಡು ನಿಲ್ಲುತ್ತೆ. ಇದು ಮಾತ್ರ ಸವಾರರ ಮನಸ್ಸಿನ ವಿಷಯ. ಲೋಕದಲ್ಲಿ ನಿಮ್ಮನ್ನ ಬಿಟ್ರೆ ಇನ್ಯಾರೂ ಹೇಳಕ್ಕಾಗಲ್ಲ."

ಲೋಕದಲ್ಲಿ ನಿಮ್ಮನ್ನ ಬಿಟ್ರೆ ಇನ್ಯಾರೂ ಹೇಳಕ್ಕಾಗಲ್ಲ! 'ನಿಮ್ಮಿಷ್ಟ' ಎಂಬ ಮಾತು ನಿಮ್ಮಿಷ್ಟಪ್ಪನ ನಾಲಿಗೆಯ ತುದಿಗೆ ಬಂದದ್ದು ಹಾಗೇ ಒಳಗೆ ಹೋಯಿತು.

"ಯೋಚಿಸಿ ಹೇಳ್ತೀನಿ" ಎಂದ. ಅವನ ದನಿಯ ಗುರುತು ಅವನಿಗೇ ಸಿಗಲಿಲ್ಲ.

"ಯೋಚ್ನೆ ಮಾಡಿ ಸಾರ್. ಅಷ್ಟರಲ್ಲಿ ಮಂಡಿ ಗುರುತು ಹಾಕ್ಕೋತೀನಿ. ಮಂಡಿ ಕೂರೋ ಜಾಗ ಸ್ವಲ್ಪ ತಗ್ಗು ಮಾಡ್ಬೇಕು. ಹತ್ತಿ ಕೂತ್ಕೊಳ್ಳಿ."

ಮೇಸ್ತ್ರಿ ಮೀನಿನ ಆಕಾರಕ್ಕೆ ಕೊಯ್ದ ಫೋಮನ್ನು ನೆಲಕ್ಕಿಟ್ಟ. ಅದರ ಒಂದು ತುದಿ ದುಂಡಗೆ ಚೂಪಾಗಿತ್ತು. ಇನ್ನೊಂದು ತುದಿ ನಡುವೆ ಸೀಳಿತ್ತು. ಕಡಲು ಕಂಡವರಿಗೆಲ್ಲ ಗೊತ್ತು, ಸೀಳಿದ್ದು ಬಾಲ, ಅದು ಹಿಂದೆ. ಆದರೆ ನಿಮ್ಮಿಷ್ಟಪ್ಪ ತನ್ನದೇ ರೀತಿಯಲ್ಲಿ ಯೋಚಿಸಿದ: ಮೀನು ಎಂದ ಮೇಲೆ ಬಾಯಿ ಇರಬೇಕು, ಬಾಯಿ ಎಂದ ಮೇಲೆ ತೆರೆದಿರಬೇಕು. ಸೀಳಿದ ತುದಿಗೆ ಮುಖ ಮಾಡಿ, ಗಂಭೀರವಾಗಿ ಮಂಡಿಯೂರಿ ಕೂತ.

ಮೇಸ್ತ್ರಿಯ ಕೈಯಲ್ಲಿದ್ದ ಪೆನ್ಸಿಲು ಕೆಳಗೆ ಬಿತ್ತು.

"ಹೀಗೇನಾ ಸಾರ್?"

"ಹೂಂ, ಹೀಗೇ."

ಗಿರಾಕಿಗೆ ಎದುರಾಡುವುದಿಲ್ಲವೆಂದು ಆಣೆ ಮಾಡಿದವನು ಏನು ಮಾಡಿಯಾನು? ಪೆನ್ಸಿಲು ಎತ್ತಿಕೊಂಡು ಮಂಡಿಯ ಸುತ್ತ ಗೀಟೆಳೆದ. ನಿಮ್ಮಿಷ್ಟಪ್ಪ ಹೋದ ಮೇಲೆ ಪಂಕ್ಚರ್ ಅಂಗಡಿಯವನ ಬಳಿ ಬಂದು ಪಿಸುಗುಟ್ಟಿದ: "ಇಷ್ಟು ವರ್ಷದಲ್ಲಿ ಇಂಥಾ ಸವಾರರನ್ನ ನೋಡಿಲ್ಲ ಕಣೋ. ಹಿಂದಕ್ಕೆ ಮುಖ ಮಾಡಿ ಕೂರ್ತಾರೆ! ರೆಕ್ಕೆ ಎಷ್ಟು ಅಂತ ಇನ್ನೂ ಯೋಚಿಸ್ತಿದಾರಂತೆ. ಭಾರಿ ಆಳದ ಮನುಷ್ಯ."

ಪಂಕ್ಚರ್ ಅಂಗಡಿಯವನ ಕಿವಿಗೆ ಬಿದ್ದ ಮೇಲೆ ಅದು ಊರಿನ ಆಸ್ತಿ.

ಮೊದಲು ಕೇಳಿದವರು ಎದುರು ಮನೆಯ ಹೊಲಿಗೆಯಮ್ಮ. "ಎರಡೇ ಇರ್ಲಿ ಕಣಪ್ಪ. ಕಣ್ಣು ಎರಡು, ಕಿವಿ ಎರಡು, ಗಂಡ ಹೆಂಡ್ತಿ ಎರಡು. ಮೂರನೇದು ಬಂತು ಅಂದ್ರೆ ಜಗಳ ಬಂತು ಅಂತಾನೇ ಲೆಕ್ಕ." ಪಕ್ಕದ ಮನೆಯ ಬಡಗಿ ಬೇಲಿಯ ಮೇಲಿಂದಲೇ ಖಂಡಿಸಿದ: "ಮೂರು ಕಾಲಿನ ಸ್ಟೂಲು ಎಂಥಾ ಡೊಂಕು ನೆಲದ ಮೇಲೂ ಅಲುಗಲ್ಲ. ಸಮುದ್ರಕ್ಕಿಂತ ಡೊಂಕು ನೆಲ ಎಲ್ಲಿದೆ? ಮೂರೇ!" "ಹಾಗಾದ್ರೆ ನೀನು ಮಾಡಿಕೊಟ್ಟ ಸ್ಟೂಲು ಯಾಕೆ ಅಲುಗುತ್ತೆ?" ಎಂದರು ಹೊಲಿಗೆಯಮ್ಮ. ಬಡಗಿ ಅದು ಬೇರೆ ವಿಷಯ ಎಂದ. ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ.

ನಿಮ್ಮಿಷ್ಟಪ್ಪ ಇಬ್ಬರಿಗೂ ಒಂದೇ ಉತ್ತರ ಕೊಟ್ಟ: "ಯೋಚಿಸ್ತಿದೀನಿ."

'ನಿಮ್ಮಿಷ್ಟ'ಕ್ಕಿಂತ 'ಯೋಚಿಸ್ತಿದೀನಿ' ಎಂಬುದು ಎಷ್ಟು ತೂಕದ ಮಾತು ಎಂದು ಅವನಿಗೆ ಆಗಲೇ ತಿಳಿದದ್ದು. ಮೊದಲನೆಯದನ್ನು ಹೇಳಿದರೆ ಜನ ಎದ್ದು ಹೋಗುತ್ತಿದ್ದರು. ಎರಡನೆಯದನ್ನು ಹೇಳಿದರೆ ಕಾಯುತ್ತಾ ಕೂರುತ್ತಿದ್ದರು. ಕಚೇರಿಯಲ್ಲಿ ಸಾಹೇಬರು ಅವನನ್ನು ಒಳಗೆ ಕರೆದರು. ಕರೆದದ್ದಲ್ಲದೆ ಕೂರಲು ಹೇಳಿದರು. ಅವರ ಕೋಣೆಯ ಕುರ್ಚಿ ಮೆತ್ತಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಏನ್ರೀ, ಎರಡೋ ಮೂರೋ?"

"ಯೋಚಿಸ್ತಿದೀನಿ ಸಾರ್."

"ನನ್ನ ಕೇಳಿದ್ರೆ ಮೂರು. ಯಾವ ಸಮಿತಿ ಆದ್ರೂ ಬೆಸ ಸಂಖ್ಯೆ ಇರ್ಬೇಕು. ಇಲ್ದಿದ್ರೆ ತೀರ್ಮಾನ ಆಗಲ್ಲ."

"ಅದನ್ನೂ ಗಮನದಲ್ಲಿ ಇಟ್ಕೊಂಡಿದೀನಿ ಸಾರ್."

ಸಾಹೇಬರಿಗೆ ಸಂತೋಷವಾಯಿತು. ದೂರಿನ ಕಿಟಕಿಯ ಮುಂದೆ ಸಾಲು ಉದ್ದವಾಯಿತು. ನಲ್ಲಿಯಲ್ಲಿ ನೀರಿದ್ದವರೂ ಬಂದು ನಿಂತರು. ಬೀದಿಯಲ್ಲಿ ಜನ ನಿಂತು ನಮಸ್ಕಾರ ಹೇಳಿದರು. ಕ್ಷೌರದಂಗಡಿಯವನು ಮೀಸೆ ಮುಟ್ಟುವ ಮೊದಲು ಕೈಕಟ್ಟಿ ನಿಂತು ಅಪ್ಪಣೆ ಕೇಳಿದ. ಮೇಸ್ತ್ರಿ ದಿನಾ ಒಮ್ಮೆ ಬಾಗಿಲಿಗೆ ಬಂದು, "ಏನಾದ್ರೂ ಹೊಳೀತಾ ಸಾರ್?" ಎಂದು ಮೆಲ್ಲಗೆ ಕೇಳಿ, ಹೊಳೆದಿಲ್ಲವೆಂದು ತಿಳಿದು ಇನ್ನಷ್ಟು ಗೌರವದಿಂದ ಹಿಂದಿರುಗುತ್ತಿದ್ದ.

ನಿಜ ಹೇಳಬೇಕೆಂದರೆ ನಿಮ್ಮಿಷ್ಟಪ್ಪ ಯೋಚಿಸುತ್ತಿರಲೇ ಇಲ್ಲ. ಉತ್ತರ ಹೇಳಿದ ಮರುಗಳಿಗೆಯೇ ತಾನು ಮತ್ತೆ ಯಾರಿಗೂ ಬೇಡದವನಾಗುತ್ತೇನೆ ಎಂಬ ಹೆದರಿಕೆ ಅವನಿಗೆ. ಜೀವನದಲ್ಲಿ ಸಿಕ್ಕಿದ ಒಂದೇ ಒಂದು ಪ್ರಶ್ನೆ. ಮಕ್ಕಳು ಪೆಪ್ಪರಮಿಂಟನ್ನು ಕಡಿಯದೆ ಕೆನ್ನೆಯಲ್ಲೇ ಇಟ್ಟುಕೊಳ್ಳುವಂತೆ ಅವನು ಅದನ್ನು ಇಟ್ಟುಕೊಂಡಿದ್ದ.

ಈ ರೋಗ ಮನೆಗೂ ಬಂತು. "ರೀ, ರಾತ್ರಿಗೆ ಏನು ಮಾಡ್ಲಿ?" ಎಂದಳು ಹೆಂಡತಿ.

"ಯೋಚಿಸ್ತಿದೀನಿ."

ಅವಳು ಸರಿ ಎಂದು ಒಳಗೆ ಹೋದಳು. ಊಟದ ಹೊತ್ತಿಗೆ ಅವನು ಬಂದು ನೋಡಿದರೆ ತಟ್ಟೆ ಖಾಲಿ, ಒಲೆ ತಣ್ಣಗಿತ್ತು. ಅವಳು ಹಾಯಾಗಿ ಕೂತು ಸ್ವೆಟರ್ ಹೆಣೆಯುತ್ತಿದ್ದಳು.

"ಅಡುಗೆ?"

"ನೀವು ಯೋಚಿಸಿ ಮುಗಿಸಿದ್ರೆ ಶುರು ಮಾಡೋಣ ಅಂತ."

ಬ್ರೆಡ್ಡು ತಿಂದು ಮಲಗಿದ. ಖ್ಯಾತಿಗೆ ಬೆಲೆ ತೆರಬೇಕಾಗುತ್ತದೆ.

ಅಷ್ಟರಲ್ಲಿ ಸುದ್ದಿ ಮಾವನ ಮನೆಗೆ ಮುಟ್ಟಿತು. ಅತ್ತೆಯ ಬಾಯಲ್ಲಿ 'ಪಾಪ' ಹೋಗಿ 'ನಮ್ಮ ಚಿಕ್ಕಳಿಯಂದಿರು' ಬಂತು. ದೊಡ್ಡಳಿಯನ ಬೆಟ್ಟವನ್ನು ಕೇಳುವವರೇ ಇಲ್ಲವಾದರು. ಆತ ಒಂದು ವಾರ ತಡೆದ. ಭಾನುವಾರ ಬೆಳಿಗ್ಗೆ ಬದನೆಕಾಯಿ ಮನೆಗೆ ಬಂದು, ಕಾಲಿನ ಮೇಲೆ ಕಾಲು ಹಾಕಿಕೊಂಡು ಕೂತ.

"ನೋಡು ತಮ್ಮಾ, ನಿನ್ನ ತಲೆನೋವು ನಾನು ಇಳಿಸಿಬಿಟ್ಟೆ. ಬರೋ ದಾರೀಲಿ ಶೆಡ್ಡಿಗೆ ಹೋಗಿದ್ದೆ. ನಾಲ್ಕು ಹಾಕಿಬಿಡು ಅಂದೆ. ನಾನು ಟೈಲ್ಸ್ ಹಾಕ್ಸೋನು, ನಾಲ್ಕು ಮೂಲೆ ಇಲ್ದೆ ಯಾವುದೂ ಕೂರಲ್ಲ ಅಂತ ನನಗೆ ಗೊತ್ತಿಲ್ವಾ?"

ನಿಮ್ಮಿಷ್ಟಪ್ಪ ಹೆಂಡತಿಯನ್ನು ನೋಡಿದ. ಅವಳು ಗೋಡೆಯನ್ನು ನೋಡುತ್ತಿದ್ದಳು. ಅವನೂ ಗೋಡೆಯನ್ನು ನೋಡಿದ. ಬದನೆಕಾಯಿ, ನೆಲದಿಂದ ಸೂರಿನವರೆಗೂ ಬದನೆಕಾಯಿ.

ಬಾಯಿ ತೆರೆದರೆ 'ನಿಮ್ಮಿಷ್ಟ ಭಾವ' ಎಂಬುದೇ ಹೊರಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಬಾಯಿ ಬಿಗಿಹಿಡಿದುಕೊಂಡು ಎದ್ದು ಓಡಿದ. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದ್ದು. ಅವನು ಓಡಿದ್ದನ್ನು ಕಂಡು ಹೊಲಿಗೆಯಮ್ಮ "ಹೊಳೆದುಬಿಡ್ತು!" ಎಂದು ಕೂಗಿದರು. ಬಡಗಿ ಉಳಿ ಹಿಡಿದುಕೊಂಡೇ ಬಂದ. ಸಂತೆಚೀಲ ಹಿಡಿದು ಹೊರಟಿದ್ದ ಸಾಹೇಬರೂ ಜನ ಓಡುವುದನ್ನು ಕಂಡು ಸೇರಿಕೊಂಡರು. ಕೊನೆಯಲ್ಲಿ ದೊಡ್ಡಳಿಯ ಏದುಸಿರು ಬಿಡುತ್ತಾ ಬಂದ. ಬೆಟ್ಟ ಹತ್ತಿದವನಿಗೆ ಇಳಿಜಾರು ಬೀದಿ ಒಗ್ಗಲಿಲ್ಲ.

ಶೆಡ್ಡಿನಲ್ಲಿ ಹಲಗೆ ಮಗುಚಿ ಮಲಗಿತ್ತು. ಮೇಸ್ತ್ರಿ ಡ್ರಿಲ್ ಎತ್ತಿದ್ದ.

"ಬೇಡ!"

ನಿಮ್ಮಿಷ್ಟಪ್ಪನ ಬಾಯಿಂದ ಆ ಮಾತು ಹಿಂದೆಂದೂ ಹೊರಟಿರಲಿಲ್ಲ. ಅದಕ್ಕೇ ಇರಬೇಕು, ಬೇಕಾದ್ದಕ್ಕಿಂತ ಜೋರಾಗಿ ಹೊರಟಿತು. ಮೇಸ್ತ್ರಿ ಡ್ರಿಲ್ ಕೆಳಗಿಟ್ಟು ಎರಡೂ ಕೈ ಮೇಲೆತ್ತಿದ.

"ದೊಡ್ಡವರು ಬಂದು ನಾಲ್ಕು ಅಂದ್ರು ಸಾರ್... ನಿಮ್ಮ ಮಾತೇ ಇರ್ಬೇಕು ಅಂದ್ಕೊಂಡೆ. ನಾಲ್ಕು ಅಲ್ವಾ? ಹಾಗಾದ್ರೆ ಎಷ್ಟು?"

ಬಾಗಿಲ ತುಂಬ ಜನ. ಎರಡು ಎಂದರೆ ಹೊಲಿಗೆಯಮ್ಮ ಗೆದ್ದಂತೆ. ಮೂರು ಎಂದರೆ ಅರ್ಧ ಬಡಗಿ ಗೆದ್ದಂತೆ, ಅರ್ಧ ಸಾಹೇಬರು ಗೆದ್ದಂತೆ. ನಾಲ್ಕು ಎಂದರೆ, ಆ ಮಾತೇ ಬೇಡ. ಒಂದು ಎಂದರೆ ನಾಳೆ ಇನ್ನೊಂದು ಸೇರಿಸು ಎನ್ನದವರಿಲ್ಲ. ಜೀವಮಾನದಲ್ಲಿ ಒಂದೇ ಒಂದು ಮಾತು ತನ್ನದಾಗಿರಬೇಕೆಂದರೆ ಯಾರೂ ಮುಟ್ಟದ ಸಂಖ್ಯೆ ಎಲ್ಲಿದೆ?

"ಒಂದೂ ಬೇಡ" ಎಂದ ನಿಮ್ಮಿಷ್ಟಪ್ಪ.

"ಅಂದ್ರೆ?"

"ಅಂದ್ರೆ ಒಂದೂ ಬೇಡ. ರೆಕ್ಕೇನೇ ಬೇಡ."

ಮೇಸ್ತ್ರಿ ಹಲಗೆಯನ್ನು ನೋಡಿದ, ಮಂಡಿಯ ಗುರುತನ್ನು ನೋಡಿದ, ಸೀಳಿದ ತುದಿಯನ್ನು ನೋಡಿದ. ಅವನ ಬಿಳಿ ಮುಖ ನಿಧಾನವಾಗಿ ಅರಳಿತು. "ಆಹಾ! ಈಗ ಗೊತ್ತಾಯ್ತು ಸಾರ್! ಬಾಲ ಮುಂದೆ ಮಾಡ್ಕೊಂಡು ಹೋಗೋರಿಗೆ ಬಾಲದಡಿ ರೆಕ್ಕೆ ಇದ್ರೆ ನೀರು ಅದಕ್ಕೆ ಹೊಡೆದು ಹಲಗೇನ ಗಿರ್ರಂತ ತಿರುಗಿಸಿ ಬಿಸಾಕುತ್ತೆ. ಎರಡಿದ್ರೂ ಬೀಳ್ತೀರಿ, ಮೂರಿದ್ರೂ ಬೀಳ್ತೀರಿ, ನಾಲ್ಕಿದ್ರಂತೂ ಕೇಳೋದೇ ಬೇಡ. ಅವತ್ತೇ ಇದನ್ನೆಲ್ಲ ಯೋಚ್ನೆ ಮಾಡಿ ತಿರುಗಿ ಕೂತಿದ್ರಲ್ಲ, ಎಂಥಾ ತಲೆ ಸಾರ್ ನಿಮ್ದು!"

ಬಾಲ? ನಿಮ್ಮಿಷ್ಟಪ್ಪ ಸೀಳಿದ ತುದಿಯನ್ನು ಮತ್ತೊಮ್ಮೆ ನೋಡಿದ. ಬಾಯಿ ಎಂದುಕೊಂಡದ್ದು ಬಾಲವೇ? ಆದರೆ ಅಷ್ಟು ಜನರ ಮುಂದೆ ಮಾಡಬಹುದಾದ ಕೆಲಸ ಒಂದೇ ಇತ್ತು. ಮೆಲ್ಲಗೆ ತಲೆಯಾಡಿಸಿದ.

ಮುಂದಿನ ಭಾನುವಾರ ಕಡಲ ದಂಡೆಯಲ್ಲಿ ಮಾವನ ಮನೆಯವರು, ಬೀದಿಯವರು, ಕಚೇರಿಯವರು ಎಲ್ಲ ಸೇರಿದರು. ಅತ್ತೆ ಮಡಚುವ ಕುರ್ಚಿ ತಂದಿದ್ದರು. ನಿಮ್ಮಿಷ್ಟಪ್ಪನಿಗೆ ಈಜು ಬರುತ್ತಿತ್ತು, ಹೆದರಿಕೆ ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಎದೆಮಟ್ಟದ ನೀರಿಗಿಂತ ಮುಂದೆ ಹೋಗಲಿಲ್ಲ. ಬಾಲವನ್ನು ದಂಡೆಗೆ ತಿರುಗಿಸಿ ಹಲಗೆಯ ಮೇಲೆ ಹೊಟ್ಟೆ ಹಾಕಿ, ತೆವಳಿ, ಜಾರಿ, ಮತ್ತೆ ತೆವಳಿ, ಕೊನೆಗೂ ತಗ್ಗಿನಲ್ಲಿ ಮಂಡಿ ಇಟ್ಟ. ಮಂಡಿ ಸರಿಯಾಗಿ ಕೂತಿತು. ಹಿಂದಿನಿಂದ ನೊರೆಯ ಅಲೆಯೊಂದು ಬಂದು, ಹೇಳದೆ ಕೇಳದೆ, ಎತ್ತಿಕೊಂಡು ಹೊರಟಿತು.

ಬಾಲ ಮುಂದಾದ ಹಲಗೆ ದಂಡೆಯತ್ತ ನುಗ್ಗಿತು. ತಡೆಯಲು ಅಡಿಯಲ್ಲಿ ರೆಕ್ಕೆಯಿಲ್ಲ, ಹಾಗಾಗಿ ಬಿಸಾಕಲೂ ಇಲ್ಲ. "ಎಡಕ್ಕೆ! ಎಡಕ್ಕೆ ತಿರುಗು!" ಎಂದು ದೊಡ್ಡಳಿಯ ಕೂಗಿದ. "ಬಲಕ್ಕೆ ಕಣ್ರೀ!" ಎಂದರು ಸಾಹೇಬರು. ಹಲಗೆ ಇಬ್ಬರ ಮಾತಿಗೂ ಬೆಲೆಕೊಟ್ಟಂತೆ ಪೂರ್ತಿ ಒಂದು ಸುತ್ತು ತಿರುಗಿ, ಸಮುದ್ರಕ್ಕೊಮ್ಮೆ ಮುಖ ತೋರಿಸಿ, ಮತ್ತೆ ನೆಟ್ಟಗಾಗಿ ಓಡಿತು. ಜನ ಹೋ ಎಂದರು. ರೆಕ್ಕೆಯಿಲ್ಲದ ಹಲಗೆಗೆ ಅಲೆಯ ಹತ್ತಿರ ಆಡಲು ಒಂದೇ ಮಾತು ಗೊತ್ತಿತ್ತು, 'ನಿಮ್ಮಿಷ್ಟ' ಎಂಬ ಮಾತು. ನಿಮ್ಮಿಷ್ಟಪ್ಪ ಬದುಕಿನಲ್ಲಿ ಸ್ವಂತವಾಗಿ ತೀರ್ಮಾನ ಮಾಡಿ ಪಡೆದದ್ದು ಇಂಥ ಹಲಗೆಯನ್ನು. ಆದರೂ ಅದು ಅವನನ್ನು ಬೀಳಿಸಲಿಲ್ಲ. ಮರಳಿಗೆ ತಾಗಿ, ಅತ್ತೆಯ ಕುರ್ಚಿಯ ಮುಂದೆ, ಸರಿಯಾಗಿ ದೊಡ್ಡಳಿಯನ ಕಾಲ ಬಳಿ ನಿಂತಿತು. ಮೇಲೆ ನಿಮ್ಮಿಷ್ಟಪ್ಪ ಮಂಡಿಯೂರಿ ಕೂತಿದ್ದ. ಈ ಸಲ ಯಾರೂ ನಗಲಿಲ್ಲ.

ಮೇಸ್ತ್ರಿ ಮರಳಿನಲ್ಲಿ ಕುಣಿಯುತ್ತಿದ್ದ. ಬಡಗಿ ಅವನ ಭುಜ ಹಿಡಿದು, ತನಗೂ ಹಿಂದುಮುಂದಾದ ಒಂದು ಹಲಗೆ ಬೇಕೆನ್ನುತ್ತಿದ್ದ. "ನನಗೂ ಅಂಥದ್ದೇ ಒಂದಿರ್ಲಿ" ಎಂದು ದೊಡ್ಡಳಿಯ ಮೇಸ್ತ್ರಿಯ ಕಿವಿಯಲ್ಲಿ ಹೇಳಿದ. ಹೇಳಿದ್ದು ಮೆಲ್ಲಗೇ, ಆದರೆ ಎಲ್ಲರಿಗೂ ಕೇಳಿಸಿತು.

ಹೆಂಡತಿ ಟವೆಲ್ ಹಿಡಿದು ಬಂದಳು. ಅವನ ಮೂಗಿನಿಂದ ಉಪ್ಪುನೀರು ಇಳಿಯುತ್ತಿತ್ತು. ಏಳಲು ಹೋದ, ಕಾಲು ಮರಗಟ್ಟಿತ್ತು. ಹಾಗೆಯೇ ಕೂತು ಅವಳ ಮುಖ ನೋಡಿದ.

"ನೋಡು" ಎಂದ. "ಮನೆಗೆ ಬಿಳಿ ಬಣ್ಣ ಹೊಡಿಸ್ಬೇಕು. ಆ ಬದನೆಕಾಯಿ ನನಗೆ ಯಾವತ್ತೂ ಇಷ್ಟ ಆಗ್ಲಿಲ್ಲ."

ಅವಳು ಅವನ ತಲೆ ಒರೆಸಿದಳು. "ನನಗೂ ಆಗ್ಲಿಲ್ಲ" ಎಂದಳು.

"ಮತ್ತೆ ಅವತ್ತೇ ಹೇಳ್ಬಾರದಿತ್ತಾ?"

"ಬಣ್ಣದವನು ಬಂದಾಗ ನೀವು ಹೇಳ್ತೀರೇನೋ ಅಂತ ಕಾದೆ. ಈಗ ಹೇಳಿದ್ರಿ." ಟವೆಲ್ಲಿನೊಳಗಿಂದ ಅವನ ಮುಖ ಹೊರಬಂದಾಗ ಅವಳು ನಗುತ್ತಿದ್ದಳು. ಕಣ್ಣು ಮಾತ್ರ ಒದ್ದೆಯಾಗಿತ್ತು. "ಆಯ್ತು ರೀ. ಬಿಳಿಯೇ ಹೊಡಿಸೋಣ. ನಿಮ್ಮಿಷ್ಟ."